ಹನ್ನೆರಡು ತಂಡಗಳ ಡ್ಯೂಟಿ ಪಟ್ಟಿ

ಆಗಸ್ಟ್ ತಿಂಗಳ ಮೂರನೆಯ ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ಅಮೆರಿಕದ ಮಿಶಿಗನ್ ರಾಜ್ಯದ ನೋವೈಯಲ್ಲಿ ನನ್ನ ಮಗಳ ಮನೆ, ಊಟದ ಮೇಜು. ಹಾಜರಿದ್ದವರು: ನಾನು, ಮಗಳು, ಅಳಿಯ. ಮೊಮ್ಮಗಳು ಮಹಡಿಯ ಮೇಲೆ ಇನ್ನೂ ಮಲಗಿದ್ದಳು, ಆದ್ದರಿಂದ ಅವಳನ್ನು ಹಾಜರಿಗೆ ಸೇರಿಸಿಲ್ಲ.

ನಾನು ಹಾಸನದ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಡ್ರೈವರು, ಕಂಡಕ್ಟರುಗಳ ಡ್ಯೂಟಿ ಪಟ್ಟಿ ಬರೆದವಳು. ಯಾವ ಬಸ್ಸು, ಯಾರು, ಎಷ್ಟು ಹೊತ್ತಿಗೆ, ಎಲ್ಲಿಗೆ, ರಾತ್ರಿ ಹಾಲ್ಟು ಯಾವ ಊರಲ್ಲಿ, ವಾರದ ರಜೆ ಯಾವತ್ತು ಎಂಬುದೆಲ್ಲ ಒಂದು ಉದ್ದನೆಯ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಅಂಟಿಸಿದ ಹತ್ತು ನಿಮಿಷದೊಳಗೆ ಯಾರಾದರೊಬ್ಬರು ಜಗಳಕ್ಕೆ ಬಂದೇ ಬರುತ್ತಿದ್ದರು. ಆ ಜಗಳಗಳ ಅಭ್ಯಾಸ ಇಷ್ಟು ವರ್ಷಗಳ ಮೇಲೆ, ಅದೂ ಮಿಶಿಗನ್ನಿನಲ್ಲಿ, ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಅವತ್ತಿನ ವಿಷಯ ಕಾಲೇಜು ಫುಟ್‌ಬಾಲು. ನಮ್ಮ ಕಡೆಯ ಫುಟ್‌ಬಾಲಲ್ಲ; ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಓಡುವ, ಓಡುವವನನ್ನು ಉಳಿದವರು ಕೆಡವಿ ಅವನ ಮೇಲೆ ಬೀಳುವ ಆಟ. ಆಗಸ್ಟ್ ಕೊನೆಯಿಂದ ಶನಿವಾರ ಶನಿವಾರ ನಡೆಯುತ್ತದೆ. ಡಿಸೆಂಬರಿನ ಮೊದಲಲ್ಲಿ ಒಂದು ಸಮಿತಿ ಕೂತು, ನೂರಕ್ಕೂ ಮೀರಿದ ತಂಡಗಳಲ್ಲಿ ಹನ್ನೆರಡನ್ನು ಆರಿಸುತ್ತದೆ. ಅವು ಮಾತ್ರ ಪ್ಲೇಆಫ್, ಅಂದರೆ ಕಪ್ಪಿನ ಕೊನೆಯ ಸುತ್ತು, ಆಡುತ್ತವೆ.

ಆ ಹನ್ನೆರಡು ಯಾವುವು ಎಂದು ಆಟ ಶುರುವಾಗುವ ಮೊದಲೇ ಬರೆದುಕೊಡುವ ಪಂದ್ಯ ನಮ್ಮ ಮೂರು ಮನೆಗಳ ನಡುವೆ ನಡೆದುಕೊಂಡು ಬಂದಿದೆ. ಒಂದು ನೋವೈಯ ನಮ್ಮ ಮನೆ. ಇನ್ನೊಂದು ಲಿವೋನಿಯಾದಲ್ಲಿ ಟೈರ್ ಅಂಗಡಿ ಇಟ್ಟಿರುವ, ವಿಜಯಪುರ ಕಡೆಯ ಸಾಹೇಬರ ಮನೆ. ಮೂರನೆಯದು ಶಿಕಾಗೋ ಪಕ್ಕದ ವೆಸ್ಟ್‌ಮಂಟಿನಲ್ಲಿರುವ ನನ್ನ ಮಗನ ಮನೆ. ಪಟ್ಟಿಗಳನ್ನು ಪಡೆದು ಇಟ್ಟುಕೊಳ್ಳುವವನೂ ಅವನೇ. ಗೆದ್ದವರಿಗೆ ಏನೂ ಇಲ್ಲ. ಎಲ್ಲರಿಗಿಂತ ಕಡಿಮೆ ಹೆಸರು ಸರಿ ಬರೆದು ಸೋತವರು ಮಾತ್ರ ತಮಗೆ ಆಗದ ತಂಡದ ಬಾವುಟವನ್ನು ಸಂಕ್ರಾಂತಿಯವರೆಗೆ ಮನೆಯ ಮುಂದೆ ಹಾರಿಸಬೇಕು.

ಅಳಿಯ ಓದಿದ್ದು ಆನ್ ಆರ್ಬರಿನ ಯೂನಿವರ್ಸಿಟಿಯಲ್ಲಿ. ಆ ಊರಿಗೂ ಒಹಾಯೋದ ಕೊಲಂಬಸ್ಸಿಗೂ ಫುಟ್‌ಬಾಲಿನಲ್ಲಿ ಎಣ್ಣೆ ಸೀಗೆಕಾಯಿ. ಲಿವೋನಿಯಾದ ಸಾಹೇಬರು ಕೊಲಂಬಸ್ಸಿನಲ್ಲಿ ಓದಿದವರು. ಹೋದ ವರ್ಷ ಅಳಿಯ ಪಟ್ಟಿ ಬರೆದ ರೀತಿ ಹೀಗಿತ್ತು: ಮೊದಲ ಸ್ಥಾನಕ್ಕೆ ಆನ್ ಆರ್ಬರ್, ಆಮೇಲೆ ಆನ್ ಆರ್ಬರಿಗೆ ತೊಂದರೆ ಕೊಡದಂಥ ಹನ್ನೊಂದು ತಂಡಗಳು. ಫಲಿತಾಂಶವಾಗಿ ಕೊಲಂಬಸ್ಸಿನ ಕೆಂಪು ಬಾವುಟ ಐದು ವಾರಕ್ಕೂ ಹೆಚ್ಚು ಕಾಲ ನಮ್ಮ ಮುಂಬಾಗಿಲ ಪಕ್ಕ ಹಾರಿತು. ಅಷ್ಟು ದಿನವೂ ಅಳಿಯ ಗ್ಯಾರೇಜಿನಿಂದಲೇ ಹೊರಬಿದ್ದು ಗ್ಯಾರೇಜಿನಿಂದಲೇ ಒಳಬಂದರು. ಎದುರು ಮನೆಯ ಮುದುಕರು ಆನ್ ಆರ್ಬರಿನ ಕಟ್ಟಾ ಅಭಿಮಾನಿ; ಪ್ರತಿ ಸಲ ಹಿಮ ಬಿದ್ದಾಗಲೂ ನಮ್ಮ ಕಾಲುದಾರಿಯನ್ನು ಕೂಡ ಮೆಷಿನ್ನಿನಿಂದ ಬಳಿದುಕೊಡುತ್ತಿದ್ದರು. ಬಾವುಟ ಬಂದ ಮಾರನೆಯ ದಿನದಿಂದ ಅವರ ಮೆಷಿನ್ನು ನಮ್ಮ ಗಡಿಗೆ ಬಂದು ನಿಂತಿತು. ಬಾಲಾಜಿ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಒಬ್ಬರು, "ಏನು ಸಾರ್, ಪಾರ್ಟಿ ಬದಲಾಯ್ಸಿದ್ರಂತೆ?" ಎಂದು ಕೇಳಿದರು. ಅಳಿಯ ಪೊಂಗಲ್ ತೆಗೆದುಕೊಳ್ಳದೆ ಮನೆಗೆ ಬಂದರು.

ಸತತ ಎರಡನೆಯ ವರ್ಷವೂ ಸೋತರೆ ಬಾವುಟ ಯುಗಾದಿಯವರೆಗೆ ಎಂದು ಈ ಸಲ ಸಾಹೇಬರು ಹೊಸ ನಿಯಮ ಸೇರಿಸಿದ್ದರು. ಅದೇ ವರ್ಷ ಮೊಮ್ಮಗಳಿಗೆ ಆನ್ ಆರ್ಬರಿನಲ್ಲೇ ಸೀಟು ಸಿಕ್ಕಿತ್ತು. ಡಿಸೆಂಬರಿನ ರಜೆಗೆ ಅವಳು ಗೆಳತಿಯರನ್ನು ಕರೆದುಕೊಂಡು ಬರುವಾಗ ಬಾಗಿಲಲ್ಲಿ ಆ ಬಾವುಟ ಇರುವುದನ್ನು ಅಳಿಯ ಜುಲೈನಿಂದಲೇ ಕಣ್ಣೆದುರು ಕಾಣುತ್ತಿದ್ದರು. ಒಂದು ದಿನ ಕಾಫಿ ಲೋಟ ಹಿಡಿದು ನನ್ನ ಹತ್ತಿರ ಬಂದು, "ಅತ್ತೆ, ನನ್ ಕೈಲಿ ಆಗಲ್ಲ. ನನಗೆ ಕೈ ಹೋಗೋದೇ ಅಲ್ಲಿಗೆ. ಈ ಸಲ ಪಟ್ಟಿ ನೀವೇ ಬರೀರಿ" ಅಂದರು.

ನಾನು ಒಂದೇ ಷರತ್ತು ಹಾಕಿದೆ: ಮುಗಿಯುವವರೆಗೆ ಯಾರೂ ಇಣುಕಬಾರದು.

ಮೂರು ವಾರ, ದಿನಾ ಮಧ್ಯಾಹ್ನ ಎರಡರಿಂದ ನಾಲ್ಕು. ಯಾವ ಹುಡುಗ ಎಷ್ಟು ದೂರ ಎಸೆಯುತ್ತಾನೆ ಎಂಬುದು ನನಗೆ ತಿಳಿಯದು. ಹೋದ ವರ್ಷ ಯಾರು ಎಷ್ಟನೆಯ ಸ್ಥಾನದಲ್ಲಿದ್ದರು ಎಂಬುದನ್ನು ಮಾತ್ರ ಬರೆದುಕೊಂಡೆ. ಉಳಿದದ್ದು ನನಗೆ ಗೊತ್ತಿದ್ದ ಕೆಲಸ. ದೂರದ ರೂಟು ಮುಗಿಸಿ ಬಂದವನನ್ನು ಮತ್ತೆ ದೂರದ ರೂಟಿಗೆ ಹಾಕಿದರೆ ಮೂರನೆಯ ಟ್ರಿಪ್ಪಿನಲ್ಲಿ ಅವನು ಎಲ್ಲಾದರೂ ಗುದ್ದುತ್ತಾನೆ. ಇದು ಡ್ರೈವರಿಗೂ ಸತ್ಯ, ಆಟಗಾರನಿಗೂ ಸತ್ಯ. ಪ್ರತಿ ತಂಡದ ವೇಳಾಪಟ್ಟಿ ತೆಗೆದು, ಹೊರ ಊರಿನ ಆಟಗಳು ಎಷ್ಟು, ಎಷ್ಟು ಮೈಲಿ, ಬೆನ್ನಿಗೆ ಬೆನ್ನು ಬಂದಿವೆಯೇ, ರಜೆಯ ವಾರ ಎಲ್ಲಿ ಬಿದ್ದಿದೆ ಎಂದು ಒಂದು ನೋಟ್ ಪುಸ್ತಕದಲ್ಲಿ ಕಾಲಂ ಹಾಕಿ ಅಂಕ ಕೊಟ್ಟೆ. ದಣಿವಿಗೆ ಕೆಂಪು ಪೆನ್ಸಿಲ್, ವಿಶ್ರಾಂತಿಗೆ ನೀಲಿ.

ಶನಿವಾರ ಹತ್ತು ಗಂಟೆಗೆ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟೆ. ಗಡುವು ವೆಸ್ಟ್‌ಮಂಟಿನ ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡು. ಅಲ್ಲಿ ಒಂದು ಗಂಟೆ ಹಿಂದೆ, ಆದ್ದರಿಂದ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಒಂದು.

ಅಳಿಯ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿದರು. ಕೆಳಗಿನಿಂದ ಮೇಲಕ್ಕೆ ಓದಿದರು. ಹಾಳೆ ತಿರುಗಿಸಿ ಹಿಂದೆ ನೋಡಿದರು.

"ಅತ್ತೆ... ಆನ್ ಆರ್ಬರ್?"

"ಹದಿನೇಳನೆಯದು. ಮುಂದಿನ ಪುಟ."

"ಹದಿನೇಳಾ!"

ಮಗಳು ಹೆಸರುಬೇಳೆ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಅಮ್ಮನ ಕೈಗೆ ಕೊಟ್ಟಿದ್ದು ನೀವೇ ತಾನೆ? ಅನುಭವಿಸಿ" ಅಂದಳು.

ಹನ್ನೊಂದಕ್ಕೆ ಸರಿಯಾಗಿ ಬಾಗಿಲ ಗಂಟೆ ಬಡಿಯಿತು. ಲಿವೋನಿಯಾದ ಸಾಹೇಬರು ಇಂಡಿಯನ್ ಅಂಗಡಿಗೆ ಬಂದವರು, ಒಂದು ಕೈಯಲ್ಲಿ ಮೆಂತ್ಯದ ಕಟ್ಟು, ಇನ್ನೊಂದರಲ್ಲಿ ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಹಿಡಿದು ಒಳಬಂದರು. "ಅಮ್ಮಾರ, ನಮಸ್ಕಾರ್ರಿ. ಬಾವುಟ ಒಗದು ಇಸ್ತ್ರಿ ಮಾಡಿಸಿ ಇಟ್ಟೇನ್ರಿ. ಹೋದ ವರ್ಷ ಸ್ವಲ್ಪ ಮುದುಡಿತ್ತು, ನಿಮ್ಮ ಅಳಿಯಾಗ ಬ್ಯಾಸರ ಆಗಿರಬೇಕು."

"ಮೊದ್ಲು ಕೂತ್ಕೊಳ್ಳಿ, ಆಮೇಲೆ ಮಾತಾಡಿ," ಅಂದರು ಅಳಿಯ.

ತಮ್ಮ ಪಟ್ಟಿಯನ್ನು ಆಗಲೇ ಕಳಿಸಿಯಾಗಿದ್ದ ಸಾಹೇಬರು ನನ್ನ ಪಟ್ಟಿ ನೋಡಿದರು. ಅವರ ಕೊಲಂಬಸ್ ಎರಡನೆಯ ಸ್ಥಾನದಲ್ಲಿತ್ತು. "ಲೆಕ್ಕ ಭಾಳ ಚೊಲೋ ಐತ್ರಿ" ಎಂದು ಒಂದು ಬಜ್ಜಿ ಬಾಯಿಗೆ ಹಾಕಿಕೊಂಡರು. "ಆದ್ರ ಅಮ್ಮಾರ, ಪಶ್ಚಿಮದ ಕಡೀ ತಂಡ ಒಂದೂ ಇಲ್ಲಲ್ರಿ? ಅವ್ರೇನು ಪಾಪ ಮಾಡ್ಯಾರ?"

ನಾನು ವಿವರಿಸಿದೆ. ಲಾಸ್ ಏಂಜಲೀಸಿನಿಂದ ನಮ್ಮ ಕಡೆಗೆ ಎರಡು ಸಾವಿರ ಮೈಲಿಗೂ ಮೇಲೆ. ಬಸ್ಸು ಗಂಟೆಗೆ ಐವತ್ತೈದು ಮೈಲಿ ಹೋದರೂ ನಲವತ್ತು ಗಂಟೆ ದಾಟುತ್ತದೆ. ಊಟ, ಟೀ, ಡೀಸೆಲ್ ಎಂದು ಏಳು ಗಂಟೆ. ಎರಡು ಜೊತೆ ಡ್ರೈವರು ಬೇಕು. ಗುರುವಾರ ಬೆಳಗಿನ ಜಾವ ಬಿಟ್ಟರೂ ಶನಿವಾರ ಹುಡುಗರು ಕಾಲು ಊದಿಸಿಕೊಂಡು ಇಳಿಯುತ್ತಾರೆ, ಇಳಿದವರೇ ಆಡಬೇಕು. ಆನ್ ಆರ್ಬರಿನವರು ಆ ಕಡೆಗೆ ಹೋದರೂ ಅದೇ ಕಥೆ.

ಅಷ್ಟರಲ್ಲಿ ಮೊಮ್ಮಗಳು ಮೆಟ್ಟಿಲಿಳಿದು ಬಂದು ಹಾಲಿನ ಬಟ್ಟಲು ಹಿಡಿದು ನಿಂತಿದ್ದಳು. ಬಗ್ಗಿ ನನ್ನ ಪುಸ್ತಕ ನೋಡಿ, ಮೆಲ್ಲಗೆ ಹೇಳಿದಳು: "ಅಜ್ಜಿ, ದೇ ಡೋಂಟ್ ಟೇಕ್ ದ ಬಸ್. ದೇ ಫ್ಲೈ."

"ವಿಮಾನದಲ್ಲಾ? ಅಷ್ಟೂ ಜನ?"

"ಅಷ್ಟೂ ಜನ, ಅತ್ತೆ," ಅಂದರು ಅಳಿಯ. "ಅವರದ್ದೇ ಚಾರ್ಟರ್ ಫ್ಲೈಟು."

ಸಾಹೇಬರು ನಗುವುದನ್ನು ತಡೆಯಲು ಮೆಂತ್ಯದ ಕಟ್ಟನ್ನು ಮುಖಕ್ಕೆ ಹಿಡಿದರು, ಆಗಲಿಲ್ಲ. "ಅಮ್ಮಾರ, ಬಸ್ಸಿನ್ಯಾಗ ಹೊಂಟ್ರ ನಮ್ಮ ಹುಡುಗ್ರು ದಸರಾಕ್ಕ ಬಿಟ್ಟು ದೀಪಾವಳಿಗೆ ಮುಟ್ಟತಾರ್ರಿ!"

ನನ್ನ ತಪ್ಪಿಗೆ ಕಾರಣವಿತ್ತು. ಟಿವಿಯಲ್ಲಿ ಪ್ರತಿ ಆಟಕ್ಕೂ ಮೊದಲು ಅವರು ಬಸ್ಸಿನಿಂದ ಇಳಿದು, ಸಾಲಾಗಿ ಮೈದಾನಕ್ಕೆ ನಡೆದು ಬರುವುದನ್ನು ತೋರಿಸುತ್ತಾರೆ. ಮುಂದೆ ಪೊಲೀಸರ ಮೋಟಾರ್ ಸೈಕಲ್ಲು, ಹಿಂದೆ ಐದಾರು ಬಸ್ಸು. ಬಸ್ಸಿನಿಂದ ಇಳಿದವನು ಬಸ್ಸಿನಲ್ಲೇ ಬಂದಿದ್ದಾನೆ ಎಂದು ಮೂವತ್ತೊಂದು ವರ್ಷ ನಂಬಿದವಳು ನಾನು. ಟೈರಿಗೆ ಕೂಡ ಎಲ್ಲೂ ಸವೆತ ಕಾಣುವುದಿಲ್ಲವಲ್ಲ ಎಂದು ಆಗ ಮೆಚ್ಚಿಕೊಂಡದ್ದೂ ಉಂಟು. ಆದರೆ ಕಾರಣ ಹೇಳುತ್ತ ಕೂತರೆ ಪಟ್ಟಿ ಸರಿಯಾಗುವುದಿಲ್ಲ. ಗಂಟೆ ಹನ್ನೊಂದು ಇಪ್ಪತ್ತು.

"ಎಲ್ಲರೂ ಮೇಜು ಬಿಡಿ," ಅಂದೆ.

ಮೈಲಿಯ ಕಾಲಂ ಪೂರ್ತಿ ಹೊಡೆದುಹಾಕಿ, ಅದರ ಜಾಗದಲ್ಲಿ ಗಡಿಯಾರದ ಕಾಲಂ ಹಾಕಿದೆ. ಶಿಕಾಗೋಗೆ ಹೋದರೆ ಒಂದು ಗಂಟೆ ವ್ಯತ್ಯಾಸ, ಪಶ್ಚಿಮ ತೀರಕ್ಕೆ ಮೂರು. ಅದು ನಿದ್ದೆಗೆಟ್ಟ ಲೆಕ್ಕ. ರಾತ್ರಿ ಪಾಳಿಯವರಿಗೆ ನಾನು ಕೊಡುತ್ತಿದ್ದ ಅಂಕವನ್ನೇ ಕೊಟ್ಟೆ. ಮಗಳು ಕುಕ್ಕರು ಕೂಗದಂತೆ ಒಲೆ ಸಣ್ಣ ಮಾಡಿದಳು. ಅಳಿಯ ಸೋಫಾದ ಒಂದು ತುದಿಯಲ್ಲಿ, ಸಾಹೇಬರು ಇನ್ನೊಂದು ತುದಿಯಲ್ಲಿ, ಹೆರಿಗೆ ವಾರ್ಡಿನ ಹೊರಗೆ ಕೂತವರಂತೆ ಕೂತಿದ್ದರು. ಪಶ್ಚಿಮದವರು ಇಬ್ಬರು ಮೇಲೆ ಬಂದರು. ಪಕ್ಕಪಕ್ಕದ ಊರುಗಳಲ್ಲೇ ಸುತ್ತುತ್ತಿದ್ದವರು ಕೆಳಗಿಳಿದರು. ಹನ್ನೆರಡು ಮೂವತ್ತೈದಕ್ಕೆ ಕೂಡಿ ಮುಗಿಸಿ, ಇನ್ನೊಮ್ಮೆ ಕೆಳಗಿನಿಂದ ಕೂಡಿ ತಾಳೆ ನೋಡಿದೆ.

"ಎಷ್ಟನೇದು?" ಅಳಿಯ ಎದ್ದೇ ನಿಂತಿದ್ದರು.

"ಹದಿಮೂರು."

"ಎಷ್ಟರಲ್ಲಿ ಹೋಯ್ತು?"

"ಅರ್ಧ ಅಂಕ."

"ಅರ್ಧಾನಾ! ಅತ್ತೆ, ಅರ್ಧ ಮಾರ್ಕ್ಸ್ ಗ್ರೇಸ್ ಕೊಟ್ಬಿಡಿ. ಎಸ್ಸೆಸ್ಸೆಲ್ಸಿಲೂ ಕೊಡ್ತಾರೆ."

"ಕೊಟ್ಟರೆ ಹನ್ನೆರಡನೆಯವರನ್ನು ತೆಗೀಬೇಕು. ಅವರೇನು ತಪ್ಪು ಮಾಡಿದ್ದಾರೆ ಹೇಳಿ."

ಹನ್ನೆರಡನೆಯವರು ಟೆಕ್ಸಾಸಿನ ಒಂದು ಊರಿನವರು. ಅಳಿಯ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, "ಆ ಊರಲ್ಲಿ ನಮಗೆ ಯಾರೂ ಪರಿಚಯಾನೇ ಇಲ್ಲ" ಅಂದರು.

"ಡಿಪೋದಲ್ಲಿ ಪರಿಚಯ ಇದ್ದವರಿಗೆ ಧರ್ಮಸ್ಥಳದ ರೂಟು ಕೊಟ್ಟಿದ್ದರೆ ನಾನು ಮೂವತ್ತೊಂದು ವರ್ಷ ಅಲ್ಲಿ ಇರ್ತಿರಲಿಲ್ಲ."

"ಅಮ್ಮ, ಸುಮ್ನೆ ಬರೆದುಬಿಡೇ," ಅಂದಳು ಮಗಳು. "ಈಗ ಅಳ್ತಾರೆ ಇವರು."

"ಅಳಲಿ. ಅಂಕ ಅಷ್ಟೇ. ಬಾವುಟ ಬೇಡ ಅನ್ನೋದಾದರೆ ಈ ಪಟ್ಟಿ ಹೀಗೇ ಹೋಗಬೇಕು. ಬೇಕು ಅನ್ನೋದಾದರೆ ಅವರಿಷ್ಟ." ಶುದ್ಧ ಹಾಳೆಯಲ್ಲಿ ಹನ್ನೆರಡು ಹೆಸರು ನಕಲು ಮಾಡಿ, ಪೆನ್ನು ಸಮೇತ ಅಳಿಯನ ಮುಂದಿಟ್ಟೆ. ಮನೆಯ ಯಜಮಾನ ಸಹಿ ಹಾಕಬೇಕೆಂಬುದು ಪಂದ್ಯದ ನಿಯಮ.

ಹನ್ನೆರಡು ಐವತ್ತು. ಸಾಹೇಬರು ತಮಾಷೆ ಬಿಟ್ಟು, "ಸಹಿ ಹಾಕಪಾ. ಅಮ್ಮಾರ ಲೆಕ್ಕದ ಮ್ಯಾಲ ನನಗೂ ನಂಬಿಕಿ ಬಂದೈತಿ. ಈ ಸಲ ನೀ ಉಳಕೋತಿ" ಅಂದರು. ಎದುರಾಳಿಯ ಬಾಯಿಂದ ಅಷ್ಟು ಬಂದದ್ದು ದೊಡ್ಡದು.

ಅಳಿಯ ಪೆನ್ನು ತೆಗೆದುಕೊಂಡರು. ಮೇಲಿನ ಹನ್ನೊಂದನ್ನು ಮುಟ್ಟಲಿಲ್ಲ. ಹನ್ನೆರಡನೆಯದಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಆನ್ ಆರ್ಬರ್ ಎಂದು ಬರೆದರು.

"ತಿದ್ದಿದ ಕಡೆ ಇನಿಶಿಯಲ್ ಹಾಕಿ," ಅಂದೆ. ಹಾಕಿದರು. ಕೆಳಗೆ ಸಹಿಯನ್ನೂ ಹಾಕಿದರು.

"ಗೊತ್ತಿದ್ದೂ ಬಾವಿಗೆ ಜಿಗದ್ಯಲ್ಲೋ ತಮ್ಮಾ!" ಅಂದರು ಸಾಹೇಬರು.

ಪಟ್ಟಿಯ ಫೋಟೋ ಹೋದ ಒಂದೇ ನಿಮಿಷಕ್ಕೆ ವೆಸ್ಟ್‌ಮಂಟಿನಿಂದ ಮಗನ ಫೋನು. ಸ್ಪೀಕರಿನಲ್ಲಿ ಹಾಕಿದರು. "ಏನ್ ಭಾವ ಇದು, ಹನ್ನೆರಡನೇದು ಕಾಟು ಹೊಡೆದಿದೆ? ಅದು ಅಮ್ಮನ ಅಕ್ಷರ ಅಲ್ಲ. ಅಮ್ಮ ಪಕ್ಕದಲ್ಲಿದ್ದಾಗ್ಲೇ ಮಾಡಿದ್ರಾ? ಧೈರ್ಯ ಜಾಸ್ತಿ ಆಯ್ತು ನಿಮಗೆ!"

"ಇನಿಶಿಯಲ್ ಹಾಕಿದ್ದಾರೆ," ಎಂದು ನಾನೇ ಉತ್ತರ ಕೊಟ್ಟೆ. "ಪಟ್ಟಿ ಕ್ರಮವಾಗಿದೆ. ತಗೋ."

ಊಟಕ್ಕೆ ಸಾಹೇಬರೂ ಉಳಿದರು. ಅನ್ನ, ಹೆಸರುಬೇಳೆ ತೊವ್ವೆ, ಮೆಂತ್ಯದ ಸೊಪ್ಪಿನ ಪಲ್ಯ; ಅವರ ಮೆಂತ್ಯದಲ್ಲಿ ಅರ್ಧ ಕಟ್ಟು ನಮ್ಮಲ್ಲೇ ಉಳಿಯಿತು. ಅಳಿಯ ಮೂರು ಸಲ ಅನ್ನ ಹಾಕಿಸಿಕೊಂಡರು. ನನ್ನ ಮೂರು ವಾರದ ಕೆಲಸ ಒಂದು ಗೆರೆಯಲ್ಲಿ ಕೆಟ್ಟಿತಲ್ಲ ಎಂದು ನನಗೆ ಸಿಟ್ಟಿತ್ತು. ಸಾಹೇಬರು ಹೋದ ಮೇಲೆ ನೇರವಾಗಿ ಕೇಳಿದೆ: "ಬಾವುಟ ಬೇಡ ಅಂತ ಜುಲೈಯಿಂದ ನಿದ್ದೆ ಮಾಡಲಿಲ್ಲ. ಉಳಿಯೋ ದಾರಿ ಕೈಯಲ್ಲಿತ್ತು. ಯಾಕೆ ಹಾಗೆ ಮಾಡಿದಿರಿ?"

ಅಳಿಯ ತಟ್ಟೆ ತೊಳೆಯುತ್ತಿದ್ದರು. "ಆ ಬಾವುಟ ಅವರು ಹಾಕಿಸೋದು ಅತ್ತೆ. ಪಟ್ಟಿಯಿಂದ ಆನ್ ಆರ್ಬರ್ ಹೆಸರು ಬಿಟ್ಟಿದ್ರೆ ಅದು ನಾನೇ ಬಿಟ್ಟಂಗೆ. ಮಗಳು ಇನ್ನೊಂದು ವಾರಕ್ಕೆ ಅಲ್ಲಿಗೆ ಓದಕ್ಕೆ ಹೋಗ್ತಾಳೆ. ಕಾರಲ್ಲಿ ಸಾಮಾನು ತುಂಬ್ಕೊಂಡು ನಾನೇ ಬಿಡಬೇಕು. ಏನಂತ ಮುಖ ಇಟ್ಕೊಂಡು ಬಿಡ್ಲಿ?"

ಇದಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ನಾನು ಒರೆಸುವ ಬಟ್ಟೆ ತೆಗೆದುಕೊಂಡು ಅವರು ತೊಳೆದಿಟ್ಟ ತಟ್ಟೆಗಳನ್ನು ಒರೆಸಿ, ಗಾತ್ರದ ಪ್ರಕಾರ ಜೋಡಿಸಿದೆ.

ನಾಲ್ಕೂವರೆಗೆ ಅಳಿಯ ಗ್ಯಾರೇಜಿನಿಂದ ಏಣಿ ಹೊತ್ತುಕೊಂಡು ಮುಂಬಾಗಿಲ ಕಡೆಗೆ ಹೋದರು. ಬಾವುಟದ ಕೋಲು ಸಿಕ್ಕಿಸುವ ಕಬ್ಬಿಣದ ಹಿಡಿ ಚಳಿಗಾಲದ ಗಾಳಿಗೆ ಸಡಿಲವಾಗಿತ್ತು. "ಹೇಗೂ ಯುಗಾದಿವರೆಗೆ ನಿಲ್ಲಬೇಕಾಗಬಹುದು," ಅಂದರು. "ಟಪಾಲಿನವನ ತಲೆ ಮೇಲೆ ಬೀಳಬಾರದು."

ಎದುರು ಮನೆಯ ಮುದುಕರು ಹುಲ್ಲಿಗೆ ನೀರು ಬಿಡುತ್ತಿದ್ದವರು ನಮ್ಮನ್ನೇ ನೋಡುತ್ತ ನಿಂತರು. ಅಳಿಯ ಏಣಿಯ ಮೇಲಿಂದಲೇ ಅವರಿಗೆ ಕೈಬೀಸಿದರು. ನಾನು ಏಣಿ ಹಿಡಿದುಕೊಂಡು, ಒಂದೊಂದಾಗಿ ಸ್ಕ್ರೂ ಕೊಟ್ಟೆ. ಒಟ್ಟು ನಾಲ್ಕು. ಎಲ್ಲ ಬಿಗಿ ಮಾಡಿ, ಹಿಡಿಯನ್ನು ಎರಡು ಕೈಯಿಂದ ಅಲ್ಲಾಡಿಸಿ ನೋಡಿ, ಏಣಿಯನ್ನು ಗ್ಯಾರೇಜಿನ ಗೋಡೆಗೆ ತೂಗುಹಾಕಿದಾಗ ಐದು ಗಂಟೆ ಹತ್ತು ನಿಮಿಷ.