ಎರಡು ನೀರಿನ ಅಣಬೆ

ನನ್ನ ಅತ್ತೆ ಸೈಮಿಯವರ ಅಡುಗೆಮನೆಯ ಕಾನೂನು ಸರಳ. ಹತ್ತು ಜನಕ್ಕಿಂತ ಹೆಚ್ಚು ಉಣ್ಣುವವರಿದ್ದರೆ ಪಾತ್ರೆ ಒಂದೇ, ಸೌಟೂ ಒಂದೇ, ಆ ಸೌಟು ಹಿಡಿಯುವ ಕೈಯೂ ಒಂದೇ. ಆ ಕೈ ನನ್ನದಲ್ಲ ಎಂಬುದು ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ನನಗೆ ಗೊತ್ತಾಯಿತು. ಸಾರಿಗೆ ಒಂದು ಚಿಟಿಕೆ ಉಪ್ಪು ಹಾಕಲು ಹೋದವಳ ಬೆರಳಿನ ಗೆಣ್ಣಿಗೆ ಸೌಟಿನ ಹಿಡಿ ಟಕ್ಕೆಂದು ಬಿತ್ತು.

“ನೀನು ಆಲೂಗಡ್ಡೆ ಸುಲಿ, ಮೆರ್ಯಾ,” ಎಂದರು. “ಉಪ್ಪಿನ ಉಸಾಬರಿ ನಿನಗೆ ಬೇಡ.”

ಇಪ್ಪತ್ತೆರಡು ವರ್ಷ ಸುಲಿದೆ. ಒಲೆಯ ಪಕ್ಕದ ಮೂರು ಕಾಲಿನ ಸ್ಟೂಲು, ಮೊಂಡು ಚಾಕು, ಮಡಿಲಲ್ಲಿ ಬುಟ್ಟಿ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಆ ನನ್ನ ಕಾಲ ಯಾವಾಗ ಬರುತ್ತದೆ ಎಂದು ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಸೌಟಿನ ಮೇಲೆ ನನಗೆ ಆಸೆಯಿತ್ತು.

ಅದು ಜುನಿಪರ್ ಮರದ ಸೌಟು, ಮಾವ ಅಹ್ತಿ ಕೈಯಾರೆ ಕೆತ್ತಿದ್ದು. ಅತ್ತೆ ಹತ್ತೊಂಬತ್ತು ವರ್ಷದವರಿದ್ದಾಗ ಉತ್ತರದ ಕಾಡಿನಲ್ಲಿ ಮರ ಕಡಿಯುವವರ ಬಿಡಾರಕ್ಕೆ ಅಡುಗೆಯವಳಾಗಿ ಹೋದರಂತೆ. ನಲವತ್ತು ಗಂಡಸರು, ಮೊಣಕಾಲುದ್ದ ಹಿಮ, ಒಂದು ಕಬ್ಬಿಣದ ಹಂಡೆ. ಮಾವ ಆ ನಲವತ್ತರಲ್ಲಿ ಒಬ್ಬರು. ಮಾತಿನಲ್ಲಿ ಜಿಪುಣ, ಒಂದು ಚಳಿಗಾಲವಿಡೀ ಸಾರು ಕುಡಿದು, ವಸಂತದಲ್ಲಿ ಸೌಟು ತಂದು ಮೇಜಿನ ಮೇಲಿಟ್ಟು ಹೊರಗೆ ಹೋಗಿ ನಿಂತರಂತೆ. “ಅದೇ ಮದುವೆ ಮಾತುಕತೆ. ನಲವತ್ತು ಹೊಟ್ಟೆ ತುಂಬಿಸಿದವಳಿಗೆ ನಿಮ್ಮ ಹದಿನೇಳು ಯಾವ ಮಹಾ?” ಎನ್ನುತ್ತಿದ್ದರು ಅತ್ತೆ.

ಹದಿನೇಳು ನಾವು. ಪ್ರತಿ ಮೇ ತಿಂಗಳು, ಕ್ರೈಸ್ತರ ಸ್ವರ್ಗಾರೋಹಣ ಹಬ್ಬದ ಗುರುವಾರದಿಂದ ಭಾನುವಾರದವರೆಗೆ, ಸರೋವರದ ದಂಡೆಯ ಮರದ ಮನೆಯಲ್ಲಿ ಇಡೀ ಕುಟುಂಬ ಸೇರುತ್ತದೆ. ರಜೆಯ ಅಡುಗೆ ಸುಲಭವಾಗಿರಬೇಕು ಎಂಬುದು ಅತ್ತೆಯ ಮತ. ಎರಡು ಬಗೆ ಮಾಡಿದರೆ ಮೂರನೆಯದನ್ನು ಕೇಳುತ್ತಾರೆ, ಒಂದೇ ಮಾಡಿದರೆ ಬಾಯಿ ಮುಚ್ಚಿ ಉಣ್ಣುತ್ತಾರೆ. ಆದ್ದರಿಂದ ಗುರುವಾರ ಬಟಾಣಿ ಸಾರು, ಜೊತೆಗೆ ದಪ್ಪ ಪ್ಯಾನ್‌ಕೇಕ್. ಗುರುವಾರ ಬಟಾಣಿ ಸಾರಲ್ಲದೆ ಬೇರೇನಾದರೂ ಉಣ್ಣುವ ಮನೆ ನಮ್ಮ ಕಡೆ ಇಲ್ಲ. ಶುಕ್ರವಾರ ಸಾಸೇಜು, ಆಲೂಗಡ್ಡೆ, ಕ್ಯಾರೆಟ್ ಎಲ್ಲ ಒಟ್ಟಿಗೆ ಬೆಂದ ಸಾರು. ಶನಿವಾರ ಕಿವಿಯಣಬೆಯ ಕೆನೆಗೊಜ್ಜು. ಭಾನುವಾರ ಉಳಿದದ್ದು.

ಶನಿವಾರಕ್ಕಾಗಿಯೇ ಎಲ್ಲರೂ ಬರುವುದು. ಕಿವಿಯಣಬೆ ಪೈನ್ ಮರ ಕಡಿದ ಮರಳುನೆಲದಲ್ಲಿ ಮೇ ತಿಂಗಳಲ್ಲಿ ಏಳುತ್ತದೆ. ಕಂದು ಬಣ್ಣ, ಮೈಯೆಲ್ಲ ಸುಕ್ಕು. ಹಸಿಯಾಗಿ ತಿಂದರೆ ಮನುಷ್ಯ ಉಳಿಯುವುದಿಲ್ಲ. ತುಂಬ ನೀರಿನಲ್ಲಿ ಒಂದು ಸಲ ಕುದಿಸಿ, ನೀರು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಇನ್ನೊಂದು ಸಲ ಕುದಿಸಿ ಅದನ್ನೂ ಚೆಲ್ಲಬೇಕು. ಆವಿ ಕೂಡ ವಿಷ. ಕಿಟಕಿ ತೆರೆದಿರಬೇಕು, ಮಕ್ಕಳು ಹೊರಗಿರಬೇಕು. ಎರಡು ನೀರು ಕಂಡ ಅಣಬೆ ಹಬ್ಬದೂಟ, ಒಂದೇ ನೀರು ಕಂಡದ್ದು ಹೆಣದೂಟ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಆದರೂ ತಿನ್ನುತ್ತೇವೆ.

ಆ ವರ್ಷ ಅತ್ತೆಗೆ ಎಪ್ಪತ್ತಾರು. ಗುರುವಾರದ ಸಾರು ಎಂದಿನಂತೆಯೇ ಇತ್ತು. ಶುಕ್ರವಾರ ಬೆಳಿಗ್ಗೆ ಕಾಫಿ ಕಾಸಲು ಹೋದಾಗ ದೊಡ್ಡ ಪಾತ್ರೆಯಲ್ಲಿ ಬಟಾಣಿ ಮತ್ತೆ ನೆನೆದು ಉಬ್ಬಿ ನಿಂತಿತ್ತು.

“ಇದೇನತ್ತೆ, ಮತ್ತೆ ಬಟಾಣಿ?”

“ಗುರುವಾರ ಇನ್ನೇನು ಮಾಡ್ತಾರೆ? ನಿನ್ನ ತಲೆ ಬೇಯಿಸ್ಲಾ?”

“ನಿನ್ನೆ ಗುರುವಾರ. ಇವತ್ತು ಶುಕ್ರವಾರ.”

ಅವರ ಮುಖದಲ್ಲಿ ಏನೋ ಒಂದು ಹಾದು ಹೋಯಿತು. ಅಂಗಳದಲ್ಲಿ ಕಳೆದುಹೋದ ಮಗುವಿನ ಮುಖ ಹಾಗಿರುತ್ತದೆ. ಮರುಕ್ಷಣವೇ ಸೊಂಟಕ್ಕೆ ಕೈಕೊಟ್ಟು, “ಗೊತ್ತು ಕಣೇ. ಹದಿನೇಳು ಜನಕ್ಕೆ ಮಿಕ್ಕಿದ್ದು ಇರ್ಲಿ ಅಂತ ಹಾಕ್ದೆ,” ಎಂದರು. ಬಟಾಣಿಯನ್ನು ನಾನೇ ಹಕ್ಕಿಗಳಿಗೆ ಚೆಲ್ಲಿ ಬಂದೆ. ಯಾರಿಗೂ ಹೇಳಲಿಲ್ಲ. ಆದರೆ ಎದೆಯಲ್ಲಿ ಒಂದು ಮುಳ್ಳು ಮುರಿದುಕೊಂಡು ಕೂತಿತು.

ಶನಿವಾರ ಅಣಬೆ ಬಂತು. ನನ್ನ ಗಂಡ ಎಸ್ಕೊ ಮತ್ತು ಅವನ ತಮ್ಮ ರೈಮೊ ಎರಡು ಬುಟ್ಟಿ ತುಂಬ ತಂದು ಮೆಟ್ಟಿಲ ಮೇಲಿಟ್ಟರು. ರೈಮೊ ಬಾಯಿ ಮುಚ್ಚಿ ಕೂರುವ ಜನವಲ್ಲ. “ಅಮ್ಮಾ, ಹೋದ ವರ್ಷಕ್ಕಿಂತ ಕೆನೆ ಜಾಸ್ತಿ ಇರ್ಲಿ. ಅತ್ತಿಗೆ ಕಡೆ ನೋಡ್ಬೇಡ, ಅವಳ ಕೈ ಬಿಗಿ!” ಎಂದು ಕೂಗಿ ಹಬೆಸ್ನಾನದ ಸೌನಾಕ್ಕೆ ಸೌದೆ ಒಡೆಯಲು ಹೋದ. ಅತ್ತೆ ನನ್ನನ್ನು ಸಬ್ಬಸಿಗೆ ಸೊಪ್ಪಿಗೆಂದು ಪಕ್ಕದ ತೋಟದವರ ಮನೆಗೆ ಕಳಿಸಿದರು. ಹೋಗುವಾಗಲೇ ಹಿಂದಿರುಗಿ ನೋಡಿದೆ. ಅತ್ತೆ ಬುಟ್ಟಿಯ ಮುಂದೆ ಸುಮ್ಮನೆ ನಿಂತಿದ್ದರು, ಮೊದಲು ಯಾವ ಕೈ ಎತ್ತಬೇಕೆಂದು ಯೋಚಿಸುತ್ತಿದ್ದಂತೆ.

ತೋಟದವರು ಮಾತಿಗೆಳೆದರು, ಬರುವಷ್ಟರಲ್ಲಿ ಗಂಟೆ ಮೂರಾಯಿತು. ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಗಾಜಿನ ಒಳಗಡೆ ಹಬೆ ಕಟ್ಟಿ ನೀರು ಇಳಿಯುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅಣಬೆಯ ದಿನ ಆ ಕಿಟಕಿ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

ಮೆಟ್ಟಿಲ ಪಕ್ಕ ವಿಷದ ನೀರಿನ ಬಕೆಟ್ಟುಗಳಿರುತ್ತವೆ. ಮೊದಲ ನೀರಿಗೆ ಒಂದು, ಎರಡನೆಯದಕ್ಕೆ ಒಂದು. ಎರಡನ್ನೂ ಕೊನೆಗೆ ಗಂಡಸರು ಕಾಡಿನ ಗುಂಡಿಗೆ ಸುರಿಯುತ್ತಾರೆ. ಆವತ್ತು ಒಂದರಲ್ಲಿ ಮಾತ್ರ ಕಂದು ನೀರಿತ್ತು. ಇನ್ನೊಂದು ಮೊಳೆಗೆ ನೇತುಬಿದ್ದಿತ್ತು. ಒಳಗೆ ಕೈಹಾಕಿ ಸವರಿದೆ. ಒಣಗಿತ್ತು.

ಒಳಗೆ ಓಡಿದೆ. ಗೊಜ್ಜು ಆಗಲೇ ಕೆನೆ ಹಾಕಿ ಕುದಿಯುತ್ತಿತ್ತು, ಈರುಳ್ಳಿ, ಬೆಣ್ಣೆಯ ಪರಿಮಳ ಮೂಗಿಗೆ ಹೊಡೆಯಿತು. ಮೊದಲು ಕಿಟಕಿ ತೆರೆದೆ. ಅಂಗಳದಲ್ಲಿ ಉದ್ದನೆಯ ಮೇಜಿಗೆ ಹದಿನೇಳು ತಟ್ಟೆ ಇಡುವ ಸದ್ದು ಕೇಳುತ್ತಿತ್ತು.

“ಅತ್ತೆ, ಎಷ್ಟು ನೀರು ಚೆಲ್ಲಿದ್ರಿ?”

“ಎರಡು.”

“ಬಕೆಟ್ ಒಂದೇ ಇದೆ.”

“ಹಾಗಾದ್ರೆ... ಇರು.” ಸೌಟು ನಿಂತಿತು. ಒಲೆ ನೋಡಿದರು, ತೊಟ್ಟಿ ನೋಡಿದರು, ತಮ್ಮ ಕೈಗಳನ್ನು ತಿರುಗಿಸಿ ನೋಡಿದರು. “ಚೆಲ್ಲಿದೆ. ಒಂದನ್ನಂತೂ ಚೆಲ್ಲಿದೆ. ಆಮೇಲೆ ತೊಳೆದೆ. ತೊಳೆದು...”

“ತೊಳೆದು?”

“ಗೊತ್ತಿಲ್ಲ ಕಣೇ.”

ಆ ಬಾಯಿಂದ ಆ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಗೆದ್ದೆ ಎನ್ನಿಸಬೇಕಿತ್ತು. ಪಾತ್ರೆಯನ್ನು ಒಲೆಯಿಂದ ಇಳಿಸಿದೆ.

“ಚೆಲ್ಲಿಬಿಡೋಣ,” ಎಂದೆ. “ಸಾಸೇಜು ಇದೆ, ಸುಟ್ಟು ಹಾಕ್ತೀನಿ.”

“ಏನಂತ ಹೇಳ್ತೀಯಾ ಅವರಿಗೆ? ಮುದುಕಿಗೆ ಎಣಿಸೋಕೆ ಬರಲ್ಲ, ಎರಡರವರೆಗೆ ಕೂಡ ಬರಲ್ಲ ಅಂತಲಾ? ಇವತ್ತು ಸೌಟು ಕಿತ್ಕೋತಾರೆ, ನಾಳೆ ಒಲೆ, ನಾಡಿದ್ದು ನನ್ನನ್ನ ಮುದುಕರ ಆಶ್ರಮದ ಕಿಟಕಿ ಮುಂದೆ ಕೂರಿಸ್ತಾರೆ. ನನ್ನ ಕೈ ಎರಡು ಸಲ ಮಾಡಿರುತ್ತೆ, ಮೆರ್ಯಾ. ಅರವತ್ತು ವರ್ಷದ ಕೈ ಇದು.”

ಹಾಗೆನ್ನುತ್ತಲೇ ತಟ್ಟೆ ತೆಗೆದು ಎರಡು ಸೌಟು ಬಡಿಸಿಕೊಂಡು, ನಿಂತಲ್ಲೇ ತಿನ್ನತೊಡಗಿದರು. ನಾನು ತಟ್ಟೆಗೆ ಕೈಹಾಕಿದೆ. ಬೆನ್ನು ತಿರುಗಿಸಿ, ಮೂಲೆಗೆ ಒತ್ತಿಕೊಂಡು, ಬಿಸಿಬಿಸಿಯಾಗಿಯೇ ನುಂಗಿದರು. ಬಿಡಾರದ ಗಂಡಸರು ಹಾಗೆ ಉಣ್ಣುತ್ತಿದ್ದರೇನೋ. ನಾನು ಅವರ ತೋಳು ಹಿಡಿದು ಎಳೆಯುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು.

“ಈಗ ಪಾತ್ರೆ ಚೆಲ್ಲು,” ಎಂದರು ಬಾಯಿ ಒರೆಸಿಕೊಂಡು. “ಬೆಳಿಗ್ಗೆ ಗೊತ್ತಾಗುತ್ತೆ.”

“ಎಸ್ಕೊನ ಕರೀತೀನಿ. ಆಸ್ಪತ್ರೆಗೆ ಹೋಗೋಣ.”

“ಕರೆದ್ರೆ ನನ್ನ ಹೆಣದ ಮೇಲೆ ಆಣೆ.”

ಆಣೆಗೆ ಹೆದರಿ ಸುಮ್ಮನಾದೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಬುದ್ಧಿಯಿದ್ದವಳು ಯಾರೂ ಹಾಗೆ ಸುಮ್ಮನಾಗುತ್ತಿರಲಿಲ್ಲ.

ಪಾತ್ರೆ ಹೊತ್ತುಕೊಂಡು ಹೋಗಿ ಗುಂಡಿಗೆ ಸುರಿದು, ಮಣ್ಣು ಎಳೆದು, ಖಾಲಿ ಪಾತ್ರೆಯೊಂದಿಗೆ ಅಂಗಳಕ್ಕೆ ಬಂದೆ. ಎಡವಿ ಬೀಳಿಸಿದೆ ಎಂದೆ. ಹದಿನೈದು ಮುಖಗಳು ಒಟ್ಟಿಗೆ ನನ್ನತ್ತ ತಿರುಗಿದವು.

“ವರ್ಷವೆಲ್ಲ ಕಾದದ್ದು ಇದಕ್ಕೇನಾ!” ರೈಮೊ ಮೇಜು ಗುದ್ದಿದ. “ಅತ್ತಿಗೆ, ನಿನಗೆ ಪಾತ್ರೆ ಮುಟ್ಟು ಅಂದವರ್ಯಾರು?”

“ನಾನೇ ಅಂದೆ,” ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ. “ಕೈಗೆ ಬೆಣ್ಣೆ ಹಚ್ಕೊಂಡಿದ್ಲೋ ಏನೋ. ಇಪ್ಪತ್ತೆರಡು ವರ್ಷ ಕಲಿಸಿದ್ರೂ ಅಷ್ಟೇ.” ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ, ನನ್ನ ಕಣ್ಣನ್ನೇ ನೋಡುತ್ತಿದ್ದರು.

ಸುಟ್ಟ ಸಾಸೇಜು, ರೈ ಬ್ರೆಡ್ಡು, ಸಾಸಿವೆ ಗೊಜ್ಜು. ಹದಿನೇಳು ಜನಕ್ಕೆ ಅದಕ್ಕಿಂತ ಸುಲಭದ ಊಟ ಇಲ್ಲ. ನಾನು ಗಡಿಯಾರ ನೋಡುತ್ತಿದ್ದೆ. ಆ ವಿಷ ಕೂಡಲೇ ತೋರಿಸಿಕೊಳ್ಳುವುದಿಲ್ಲ. ತಿಂದು ಆರು ತಾಸಾದರೂ ಸುಮ್ಮನಿರುತ್ತದೆ, ಕೆಲವೊಮ್ಮೆ ಹನ್ನೆರಡು. ಆಮೇಲೆ ವಾಂತಿ, ಆಮೇಲೆ ಯಕೃತ್ತೇ ಕೆಡುತ್ತದೆ. ಹತ್ತಿರದ ಫೋನು ಅಂಗಡಿಯಲ್ಲಿ, ಎಂಟು ಕಿಲೋಮೀಟರು ಆಚೆ.

“ಇವತ್ತು ಬಿಯರ್ ಮುಟ್ಟಬೇಡ,” ಎಂದೆ ಎಸ್ಕೊನಿಗೆ. “ಕಾರಿನ ಕೀ ಜೇಬಲ್ಲಿರ್ಲಿ.”

“ಯಾಕೆ? ಏನಾಯ್ತು?”

“ನಾನು ಹೇಳಿದೆ ಅಂತ ಇರ್ಲಿ.”

ಅವನು ನನ್ನ ಮುಖ ನೋಡಿ ಬಾಟಲಿ ಕೆಳಗಿಟ್ಟ. ಉಳಿದವರು ಸೌನಾದಿಂದ ಸರೋವರಕ್ಕೆ ಹಾರಿ ಕಿರುಚುತ್ತಿದ್ದರು. ಪ್ರತಿ ಕಿರುಚಾಟಕ್ಕೂ ನಾನು ಬೆಚ್ಚಿ ಅತ್ತೆಯ ಕೋಣೆಯ ಕಡೆ ನೋಡುತ್ತಿದ್ದೆ. ಮೇ ತಿಂಗಳಲ್ಲಿ ನಮ್ಮಲ್ಲಿ ಸರಿಯಾದ ಕತ್ತಲೂ ಆಗುವುದಿಲ್ಲ, ಹಾಳು ಬೆಳಕು ಕಿಟಕಿಯಲ್ಲಿ ಕೂತೇ ಇತ್ತು. ಅವರ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಅವರ ಉಸಿರು ಎಣಿಸುತ್ತ ಕೂತೆ. ಎಲ್ಲೋ ಒಂದು ಹೊತ್ತಿನಲ್ಲಿ ಜೊಂಪು ಹತ್ತಿಬಿಟ್ಟಿತು.

ಎಚ್ಚರವಾದಾಗ ಬೆಳಿಗ್ಗೆ ಏಳಾಗಿತ್ತು, ಬಾಗಿಲು ತೆರೆದಿತ್ತು, ಹಾಸಿಗೆ ಖಾಲಿ. ಅಡುಗೆಮನೆಯಿಂದ ಏನೋ ಉರುಳಿದ ಸದ್ದು. ಕಾಲು ನೆಲಕ್ಕೆ ತಾಗಿತೋ ಇಲ್ಲವೋ, ಓಡಿದೆ.

ಅತ್ತೆ ಒಲೆಯ ಮುಂದೆ ನಿಂತಿದ್ದರು. ಮುಖ ತೊಳೆದು, ತಲೆಗೆ ಬಟ್ಟೆ ಕಟ್ಟಿ, ಏಪ್ರನ್ ಹಾಕಿಕೊಂಡಿದ್ದರು. ಕೆನ್ನೆ ಕೆಂಪಗಿತ್ತು. ಹೊಟ್ಟೆನೋವಿಲ್ಲ, ವಾಂತಿಯಿಲ್ಲ. ಅವರ ಕೈ ನಿಜವಾಗಿಯೂ ಎರಡು ಸಲ ಮಾಡಿತ್ತು, ಎರಡೂ ನೀರನ್ನು ಒಂದೇ ಬಕೆಟ್ಟಿಗೆ ಚೆಲ್ಲಿರಬೇಕು. ನನಗೆ ಕೂಗಿಕೊಳ್ಳುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಪಾತ್ರೆಯೊಳಗೆ ನೋಡಿದೆ.

“ಎದ್ಯಾ?” ಎಂದರು. “ಬಟಾಣಿ ಹಾಕಿದೀನಿ. ಗುರುವಾರ ಅಲ್ವಾ? ಇನ್ನೇನು ಎಲ್ಲರೂ ಬಂದುಬಿಡ್ತಾರೆ, ಇಷ್ಟು ಹೊತ್ತು ಮಲಗ್ತಾರಾ? ಅಹ್ತಿಗೆ ದೋಣಿ ದಂಡೆಗೆ ಕಟ್ಟೋಕೆ ಹೇಳು.”

ಮಾವ ಸತ್ತು ಒಂಬತ್ತು ವರ್ಷವಾಗಿತ್ತು.

ನಿನ್ನೆಯ ತಟ್ಟೆ ಅವರಿಗೆ ನೆನಪಿರಲಿಲ್ಲ. ಆಣೆ ಹಾಕಿಸಿಕೊಂಡು ನಾನು ಕಾಯ್ದ ಗುಟ್ಟು ಈಗ ನನ್ನೊಬ್ಬಳದೇ.

“ಹೌದು ಅತ್ತೆ,” ಎಂದೆ. “ಗುರುವಾರ.”

“ಹಿಡಿ ಇದನ್ನ.” ಜುನಿಪರ್ ಸೌಟನ್ನು ನನ್ನ ಕಡೆ ಚಾಚಿದರು. “ಉಪ್ಪು ನೋಡು. ನನಗೆ ಯಾಕೋ ಗೊತ್ತಾಗ್ತಿಲ್ಲ.”

ಹಿಡಿ ಬೆಚ್ಚಗಿತ್ತು, ಅವರ ಹೆಬ್ಬೆರಳು ಕೂತು ಕೂತು ಒಂದು ಕಡೆ ಸವೆದಿತ್ತು. ಬೇಡ ಎನ್ನಬೇಕೆನಿಸಿತು. ನೋಡಿದೆ, ಉಪ್ಪೇ ಇರಲಿಲ್ಲ. ಹಾಕಿದೆ.

ಮಧ್ಯಾಹ್ನ ಮೊದಲು ಒಳಗೆ ಬಂದವನು ರೈಮೊ. ಪಾತ್ರೆ ನೋಡಿ, “ಬಟಾಣಿನಾ? ಅಮ್ಮಾ, ಇವತ್ತು ಭಾನು—” ಎಂದವನು, ನನ್ನ ಕೈಯಲ್ಲಿದ್ದ ಸೌಟು ನೋಡಿ ನಿಂತ. ಆಮೇಲೆ ತಾಯಿಯನ್ನು ನೋಡಿದ. ಅವನ ಬಾಯಿ ಮೊದಲ ಬಾರಿಗೆ ತಾನಾಗಿಯೇ ಮುಚ್ಚಿಕೊಂಡಿತು.

“ನನಗೆ ದಪ್ಪಗೆ ಹಾಕು ಅತ್ತಿಗೆ,” ಎಂದ ಮೆಲ್ಲಗೆ. “ಗುರುವಾರದ ಸಾರಲ್ವಾ.”

ಅಂಗಳದಲ್ಲಿ ಎಲ್ಲರೂ ಅದನ್ನೇ ಉಂಡರು. ಯಾರೂ ದಿನ ಯಾವುದೆಂದು ಕೇಳಲಿಲ್ಲ. ನಾನು ಬಡಿಸಿ ಒಳಗೆ ಬಂದಾಗ ಅತ್ತೆ ನನ್ನ ಮೂರು ಕಾಲಿನ ಸ್ಟೂಲಿನ ಮೇಲೆ ಕೂತು, ಮಡಿಲಲ್ಲಿ ಬುಟ್ಟಿಯಿಟ್ಟುಕೊಂಡು ಆಲೂಗಡ್ಡೆ ಸುಲಿಯುತ್ತಿದ್ದರು. ಬಟಾಣಿ ಸಾರಿಗೆ ಆಲೂಗಡ್ಡೆ ಬೇಕಿಲ್ಲ. ನಾನು ಹೇಳಲಿಲ್ಲ, ಚಾಕು ಮೊಂಡಾಗಿದೆ ಎಂದು ಮಾತ್ರ ಹೇಳಿ ಬೇರೆ ಚಾಕು ಕೊಟ್ಟೆ.