ನಾನಿಲ್ಲದ ಸಭೆಯಲ್ಲಿ ನನ್ನ ಸಹಿ

ನಾವುಂದದ ಕಡಲ ದಡದಲ್ಲಿ, ನಮ್ಮ ಮಾತಿನಲ್ಲಿ ಕಡಲ ಕರೆಯಲ್ಲಿ, ನನ್ನದೊಂದು ಟೈಲರ್ ಅಂಗಡಿ. ಮಷಿನಿನ ಎದುರು ಕೂತರೆ ರಸ್ತೆ ಕಾಣುತ್ತದೆ, ರಸ್ತೆಯಾಚೆ ತೆಂಗಿನ ಸಾಲು. ಅದರಾಚೆ ಮೊದಲು ಒಂದು ಮರಳು ದಿಬ್ಬವಿತ್ತು. ಆ ದಿಬ್ಬದ ಮೇಲೆ ಪಕ್ಕದ ಮನೆಯ ಅಕ್ಕ ಮೀನು ಒಣಗಿಸುತ್ತಿದ್ದಳು. ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವಳು. ಊರೇ ಅಕ್ಕ ಅನ್ನುತ್ತಿತ್ತು, ನಾನೂ ಹಾಗೇ ಅಂದೆ. ಅತ್ತೆಯ ಕಾಲದಿಂದ ಅವಳು ಬಳಸಿಕೊಂಡು ಬಂದ ಜಾಗ, ಆದರೆ ಕಾಗದವಿರಲಿಲ್ಲ. ಹೇಳಬೇಕೆಂದರೆ ಸರ್ಕಾರಿ ನೆಲ. ಬಿಸಿಲೂ ಗಾಳಿಯೂ ಒಟ್ಟಿಗೆ ಸಿಗುವ ಅಂಥ ನೆಲ ನಮ್ಮ ಕರೆಯಲ್ಲಿ ಇನ್ನೊಂದಿರಲಿಲ್ಲ. ಅವಳು ಶೆಟ್ಲಿ, ಅಂದರೆ ಸಿಗಡಿ, ಒಣಗಿಸಿದ ದಿನ ನಾನು ಹೊಲಿದ ಬಟ್ಟೆಗೂ ಅದೇ ವಾಸನೆ.

"ಹ್ವಾಯ್, ನೀ ಹೊಲ್ದ್ ರವಕಿ ಹಾಕ್ಕಂಡ್ ದಿಬ್ಬಣಕ್ ಹೋರೆ ಬೆಕ್ಕ್ ಹಿಂದೆ ಬತ್ತಂಬ್ರ್!" ಎಂದು ಅವಳೇ ನಗಾಡುತ್ತಿದ್ದಳು.

ಊರನ್ನು ಆಳುವುದು ಅಂದರೆ ನಾನು ಮೊದಲು ಕಂಡದ್ದು ಕಡಲ ಕರೆಯ ಕೂಟ. ತೊಂಬತ್ತೇಳರ ಸುಮಾರಿಗೆ ನಾನು ಅಂಗಡಿ ಇಟ್ಟಾಗಲೂ ಅದು ನಡೆಯುತ್ತಿತ್ತು. ಮನೆಗೊಬ್ಬ ಗಂಡಸು ಬರಬೇಕು. ಯಾವ ದಿನ ಕಡಲಿಗೆ ಇಳಿಯಬಾರದು, ಯಾರ ಜಗಳ ಎಲ್ಲಿಗೆ ನಿಲ್ಲಬೇಕು, ಎಲ್ಲ ತೀರ್ಮಾನವೂ ಅಲ್ಲೇ. ದೋಣಿಯಲ್ಲಿ ಹೋದವನಿದ್ದರೆ ಅವನ ಹೆಗಲ ಬೈರಾಸನ್ನು ಮನೆಯವರು ಕಳಿಸಿಕೊಡುತ್ತಿದ್ದರು. ಮಡಚಿದ ಆ ತುಂಡು ಬಟ್ಟೆ ಅವನ ಜಾಗದಲ್ಲಿ, ಮರಳ ಮೇಲೆ ಕೂರುತ್ತಿತ್ತು. ನೀವು ಏನು ಹೇಳಿದರೂ ನಮ್ಮ ಮನೆಗೆ ಒಪ್ಪಿಗೆ ಎಂದು ಅದರ ಅರ್ಥ. ಕೆಲವು ಸಂಜೆ ಮನುಷ್ಯರಿಗಿಂತ ಬೈರಾಸುಗಳೇ ಹೆಚ್ಚು. ಗಾಳಿಗೆ ಅವುಗಳ ಅಂಚು ಎದ್ದಾಗ, ಯಾರೋ ಏಳಲು ಹೊರಟ ಹಾಗೆ ಕಾಣುತ್ತಿತ್ತು.

ಕೂಟದ ಹಿರಿಯ, ಅಂದರೆ ಗುರಿಕಾರ, ನನ್ನ ಅಜ್ಜಯ್ಯನೇ. ಅವರದ್ದೊಂದು ಕಟ್ಟಳೆ ಇತ್ತು. ಯಾರದಾದರೂ ನೆಲದ ಮಾತು, ಅನ್ನದ ಮಾತು ಎದ್ದರೆ ಬೈರಾಸುಗಳನ್ನೆಲ್ಲ ತೆಗೆದಿಟ್ಟು, ದೋಣಿಗಳು ದಡಕ್ಕೆ ಬರುವ ತನಕ ಕಾಯಬೇಕು.

"ಒಬ್ರ ಅನ್ನ ತೆಗುದಾರೆ ಮುಖ ಬೇಕ್ ಮಗಾ, ಬಟ್ಟಿ ಸಾಕಾತಿಲ್ಲೆ. ಅವ್ರ ಕಣ್ಣ್ ಕಂಡ್ಕಂಡ್ ಹೇಳ್ಕ್" ಅನ್ನುತ್ತಿದ್ದರು.

ಹಾಗಂತ ಆ ಕಾಲವನ್ನು ಹೊಗಳಲಾರೆ. ಹೆಂಗಸರಿಗೆ ಅಲ್ಲಿ ಬೈರಾಸಿನಷ್ಟು ಜಾಗವೂ ಇರಲಿಲ್ಲ. ಅಕ್ಕನ ಗಂಡ ತೀರಿಕೊಂಡ ಮೇಲೆ ಅವಳ ಮನೆಗೆ ಕೂಟದ ಕರೆ ಹೋಗುವುದೇ ನಿಂತಿತು.

ಅಜ್ಜಯ್ಯ ಹೋದರು, ನಿಧಾನಕ್ಕೆ ಕೂಟವೂ ಹೋಯಿತು. ಗ್ರಾಮಸಭೆ ಬಂತು: ಶಾಮಿಯಾನ, ಮೈಕು, ಹಾಜರಿ ಪುಸ್ತಕ, ಹೆಂಗಸರಿಗೂ ಕುರ್ಚಿ. ಮೊದಲ ಸಲ ಹೋಗಿ ಬಂದ ಅಕ್ಕ ಅಂಗಡಿಯ ಮೆಟ್ಟಿಲಲ್ಲಿ ಕೂತು, "ನಂಗೂ ಒಂದ್ ಕುರ್ಚಿ ಕೊಟ್ರ್ ಕಾಣ್. ಕೈ ಇಪ್ಪು ಕುರ್ಚಿ!" ಎಂದು ಎರಡು ಸಲ ಹೇಳಿದಳು.

ಕೆಲವು ವರ್ಷ ಕಳೆದು ಊರಿಗೊಂದು ಸಭಾಭವನ ಬೇಕೆಂದಾಯಿತು. ಜಾಗ ಹುಡುಕಿದವರ ಕಣ್ಣು ದಿಬ್ಬದ ಮೇಲೆ ಬಿತ್ತು. ವಿಷಯ ಗ್ರಾಮಸಭೆಗೆ ಬರುವುದಿತ್ತು. ಹಿಂದಿನ ದಿನ ಅಕ್ಕ ಅಂಗಡಿಗೆ ಬಂದಳು. ಅವತ್ತು ನಗಾಟವಿರಲಿಲ್ಲ.

"ನಾಳೆ ನೀ ಬತ್ಯಾ?"

"ಬತ್ತೆ ಅಕ್ಕ."

"ಮೈಕ್ ಕಂಡ್ರೆ ನಂಗೆ ನಾಲ್ಗಿ ಏಳುದಿಲ್ಲೆ. ನೀ ಒಬ್ಬ ಎದ್ದ್ ನಿಂತ್ರೆ ಸಾಕ್, ಹಿಂದಿಂದ ನಾನೂ ಹೇಳ್ತೆ."

"ಬತ್ತೆ ಅಂದೆ ಅಲ್ದಾ, ನಿಲ್ತೆ."

ಮರುದಿನ ಬೆಳಿಗ್ಗೆ ಪಂಚಾಯತಿಯ ಅಟೆಂಡರ್ ಹಾಜರಿ ಪುಸ್ತಕ ಹಿಡಿದು ಬಂದ. ಸಭೆಗೆ ಮೊದಲೇ ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ವಾಡಿಕೆಯಾಗಿತ್ತು.

"ಒಂದ್ ಸೈನ್ ಹಾಕಿ ಮರಾಯ್ರೆ. ಜನ ಕಮ್ಮಿ ಆರೆ ಸಭೆ ಮುಂದೆ ಹೋತ್ತ್, ಮತ್ತೆ ಕುರ್ಚಿ ಹೊರೂದ್ ನಾನೇ."

"ನಾ ಬತ್ತೆ ಮರಾಯ, ಅಲ್ಲೇ ಹಾಕ್ತೆ."

"ಬಂದ್ರೆ ಬನಿ. ಬರ್ದಿದ್ರೂ ಬಂದಾಂಗೆ!"

ನಗುತ್ತ ಸಹಿ ಹಾಕಿದೆ. ಅರ್ಧ ಗಂಟೆಯಲ್ಲಿ ಉಪ್ಪುಂದದಿಂದ ಫೋನು: ಮದುಮಗಳ ರವಿಕೆಯ ತೋಳು ಬಿಗಿ, ಮರುದಿನ ಮದುವೆ. ಹೋದೆ. ಬಸ್ಸಿನಲ್ಲಿ ಅಕ್ಕನ ನೆನಪಾಗದೆ ಇರಲಿಲ್ಲ. ನನ್ನ ಸಹಿ ಅಲ್ಲಿ ಕೂತಿದೆ, ಒಬ್ಬರ ಅನ್ನದ ಮಾತು ಬಂದರೆ ನಮ್ಮವರು ಕಾಯದೆ ಇರುತ್ತಾರೆಯೇ ಅಂದುಕೊಂಡೆ. ಸುಳ್ಳಲ್ಲ, ನಿಜವಾಗಿ ಹಾಗೆಂದುಕೊಂಡೆ. ಬೈರಾಸಿನ ಊರಿನಲ್ಲಿ ಬೆಳೆದವನ ತಪ್ಪು ಅದು.

ಯಾರೂ ಕಾಯಲಿಲ್ಲ. ನಾನು ವಾಪಸು ಬರುವಾಗ ಅಟೆಂಡರ್ ಕುರ್ಚಿ ಜೋಡಿಸುತ್ತಿದ್ದ. ಬಂದದ್ದು ಹತ್ತು ಹದಿನೈದು ಜನ, ಪುಸ್ತಕ ಮಾತ್ರ ಭರ್ತಿ. ದಿಬ್ಬವನ್ನು ಸಭಾಭವನಕ್ಕೆ ಕೊಡುವುದೆಂದು ಸರ್ವಾನುಮತದ ನಿರ್ಣಯವಾಗಿತ್ತು.

ಮುಂದಿನ ಗ್ರಾಮಸಭೆಯಲ್ಲಿ ನಾನು ಎದ್ದು ನಿಂತೆ. ಈ ನಿರ್ಣಯ ಇನ್ನೊಮ್ಮೆ ನೋಡಬೇಕು ಅಂದೆ. ಮೇಜಿನಾಚೆಯ ಅಧಿಕಾರಿ, ಘಟ್ಟದ ಮೇಲಿನವರು, ಪುಟ ಮಗುಚಿದರು.

"ಅವತ್ತು ನೀವೂ ಇದ್ರಲ್ಲ ಸ್ವಾಮಿ? ಸಹಿ ಇದೆ."

"ಸಹಿ ಇದೆ. ನಾನಿರಲಿಲ್ಲ."

"ಹಾಗಂತ ಬರೆದು ಕೊಡ್ತೀರಾ?"

ಬರೆದುಕೊಟ್ಟರೆ ನನ್ನದೊಂದೇ ಅಲ್ಲ, ಇಡೀ ಊರಿನ ಸಹಿ ಸುಳ್ಳಾಗುತ್ತಿತ್ತು. ಅಟೆಂಡರನ ಕೆಲಸ ಹೋಗುತ್ತಿತ್ತು. ಅವನು ಕಂಬದ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಕೂತೆ.

ಸಭಾಭವನ ಎದ್ದಿತು. ಈಗ ಸಭೆಗಳೆಲ್ಲ ಅದರೊಳಗೆ. ಬೇಸಗೆಯ ಮಧ್ಯಾಹ್ನ, ಫ್ಯಾನು ತಿರುಗುವಾಗ, ನೆಲದಿಂದ ಒಣ ಶೆಟ್ಲಿಯ ವಾಸನೆ ಏಳುತ್ತದೆ. ಪಕ್ಕದವರನ್ನು ಕೇಳಿದ್ದೇನೆ. ಅವರಿಗೆ ಬರುವುದಿಲ್ಲ. ಮನೆಗೆ ಬಂದು ಅಂಗಿ ಬಿಚ್ಚಿ ಮೂಸಿದರೆ ಏನೂ ಇರುವುದಿಲ್ಲ.

ಅಕ್ಕ ಗಂಗೊಳ್ಳಿಯ ಮೀನಿನ ಶೆಡ್ಡಿಗೆ ಕೂಲಿಗೆ ಹೋಗತೊಡಗಿದಳು. ಇಡೀ ದಿನ ಐಸಿನ ನೀರಿನಲ್ಲಿ ನಿಲ್ಲುವ ಕೆಲಸ. ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತ ನಿಂತಿದ್ದಳು. ವರ್ಷಗಳಿಂದ ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟೆ: "ಅವತ್ತ್ ನೀನಾರೂ ಬೇಡ ಅಂದ್ಯಾ ಅಕ್ಕ?"

ಅವಳಿಗೆ ಸಿಟ್ಟಿರಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

"ಮೊದ್ಲ್ ಪುಸ್ತಕದಗೆ ಇಪ್ಪು ಹೆಸ್ರ್ ಓದ್ರ್ ಮಗಾ. ಒಂದೊಂದ್ ಹೆಸ್ರಿಗೂ ನಾ ಹಿಂದೆ ತಿರ್ಗಿ ಕಂಡೆ. ಬರೀ ಖಾಲಿ ಕುರ್ಚಿ. ಆಮೇಲ್ ನಿನ್ ಹೆಸ್ರ್ ಬಂತ್. ಇಂವ ಹ್ಯಾಂಗೂ ಬಂದಿದ್ದ ಅಂದ್ಕಂಡ್ ಕೊನಿ ಸಾಲ್ ತನ್ಕ ಹುಡ್ಕದೆ."

"ಮತ್ತೆ?"

"ಮತ್ತೆಂತ. ಎಲ್ಲರ್ಗೂ ಒಪ್ಗಿಯಾ ಅಂದ್ ಕೇಂಡ್ರಂಬ್ರ್. ನಂಗೆ ಕೇಣ್ಲೇ ಇಲ್ಲೆ. ನಾ ಇನ್ನೂ ಹಿಂದೆ ತಿರ್ಗಿ ಕಾಂತಾ ಇದ್ದಿದ್ದೆ."

ಬಸ್ಸು ಬಂತು. ಅವಳು ಬುತ್ತಿಯ ಚೀಲ ಎತ್ತಿಕೊಂಡು ಹತ್ತಿದಳು.

ಅಲ್ಲಿಂದೀಚೆಗೆ ಯಾವ ಸಭೆಗೆ ಹೋದರೂ ನಾನು ಕೊನೆಯ ಸಾಲಿನಲ್ಲಿ ಕೂರುತ್ತೇನೆ. ಹೆಸರು ಓದುವಾಗ ಎದ್ದು ನಿಲ್ಲುತ್ತೇನೆ. ಇದೇನು ಶಾಲೆಯಾ ಎಂದು ಜನ ನಗುತ್ತಾರೆ. ಮುಂದಿನಿಂದ ಯಾರಾದರೂ ತಿರುಗಿದರೆ ನಾನು ಕಾಣಬೇಕು. ಅಕ್ಕ ಈಗ ಯಾವ ಸಭೆಗೂ ಬರುವುದಿಲ್ಲ.