ಕತ್ತರಿಸಿ ಬಿಟ್ಟ ಅರ್ಧ ನಿಮಿಷ

ನನ್ನ ಕತೆಗಳಲ್ಲಿ ಯಾರಾದರೂ ಸಾಯಬೇಕಾದರೆ ಅಮ್ಮ ಹಾಡಬೇಕಿತ್ತು.

ನಾನು ಬರೆಯುವುದೆಲ್ಲ ಆಫೀಸಿಗೆ ಹೋಗುತ್ತ ಬರುತ್ತ, ಲೋಕಲ್ ರೈಲಿನಲ್ಲಿ, ಮೊಬೈಲಿನ ಮೇಲೆ ಹೆಬ್ಬೆರಳಾಡಿಸಿ. ಡೊಂಬಿವಲಿಯಿಂದ ಠಾಣೆಯವರೆಗೆ ನಿಲ್ಲಲಿಕ್ಕೆ ಜಾಗ ಸಿಕ್ಕಿದರೆ ಪುಣ್ಯ. ಅಲ್ಲಿ ಗಾಡಿ ಬದಲಿಸಿದರೆ ವಾಶಿಯವರೆಗೆ ಕೂರಲು ಸಿಗುತ್ತದೆ. ಪಕ್ಕದಲ್ಲೊಬ್ಬಳು ಮೆಂತ್ಯ ಸೊಪ್ಪು ಬಿಡಿಸುತ್ತಿರುತ್ತಾಳೆ, ಇನ್ನೊಬ್ಬಳು ಫೋನಿನಲ್ಲಿ ಗಂಡನ ಗ್ರಹಚಾರ ಬಿಡಿಸುತ್ತಿರುತ್ತಾಳೆ. ಆ ಗದ್ದಲದಲ್ಲಿ ಯಾರನ್ನಾದರೂ ನೆಮ್ಮದಿಯಾಗಿ ಸಾಯಿಸುವುದು ಹೇಗೆ?

ಅದಕ್ಕೇ ಇಯರ್‌ಫೋನ್. ಅಮ್ಮ ಟಿಟ್ವಾಳಾದಲ್ಲಿ ತಂಗಿಯ ಮನೆಯಲ್ಲಿದ್ದಳು. ಕತೆಯಲ್ಲೊಬ್ಬ ಮುದುಕಿ ಸಾಯಬೇಕಾಗಿದೆ, ಅಮ್ಮನ ಕೈಲಿ ಒಂದು ದೇವರನಾಮ ಹಾಡಿಸಿ ಕಳಿಸು ಎಂದು ತಂಗಿಗೆ ಹೇಳಿದೆ. ಕಳಿಸಿದಳು. ಮೊದಲ ಅರ್ಧ ನಿಮಿಷ ಕುಕ್ಕರಿನ ಸೀಟಿ, ಕೆಮ್ಮು, ಏನೋ ಮಾತು. ಕೇಳುವ ತಾಳ್ಮೆಯಿಲ್ಲದೆ ಅಷ್ಟನ್ನೂ ಕತ್ತರಿಸಿ ಹಾಡನ್ನಷ್ಟೇ ಇಟ್ಟುಕೊಂಡೆ. ಆ ಹಾಡಿಗೆ ಏಳೆಂಟು ಮಂದಿ ಸತ್ತರು. ಪ್ರತಿ ಸಲವೂ ಕಣ್ಣು ತುಂಬಿ ಬಂದು, ಕಿಟಕಿಯ ಕಡೆ ತಿರುಗುತ್ತಿದ್ದೆ.

ಹೋದ ವರ್ಷ ಅಮ್ಮ ತೀರಿಕೊಂಡಳು. ನನಗೆ ಅಳು ಬರಲಿಲ್ಲ. ಮೊದಲ ದಿನವೂ ಇಲ್ಲ, ಹತ್ತನೇ ದಿನವೂ ಇಲ್ಲ. ಬಂದವರಿಗೆ ಚಹಾ ಕೊಟ್ಟೆ, ಬಾಗಿಲಲ್ಲಿ ಚಪ್ಪಲಿ ಜೋಡಿಸಿಟ್ಟೆ. ತಂಗಿಯ ಮಗಳು ಹತ್ತಿರ ಬಂದು, “ಮೌಸಿ, ಆಪ್ ರೋತೀ ಕ್ಯೋಂ ನಹೀ?” ಎಂದು ಕೇಳಿದಳು. ಯಾಕೆ ಅಳುತ್ತಿಲ್ಲವೆಂದು ನನಗೂ ಗೊತ್ತಿರಲಿಲ್ಲ. ಕತೆಯ ಜನರಿಗೇ ಎಲ್ಲವನ್ನೂ ಅತ್ತು ಮುಗಿಸಿ, ಅಮ್ಮನಿಗೆಂದು ಏನೂ ಉಳಿಸಲಿಲ್ಲವೇನೋ ಎಂದು ಹೆದರಿಕೆಯಾಯಿತು.

ಹದಿಮೂರನೇ ದಿನ ಊಟವಾದ ಮೇಲೆ ತಂಗಿ ತನ್ನ ಮೊಬೈಲಿನಲ್ಲಿ ಅಮ್ಮನ ಹಾಡು ಹಾಕಿದಳು. ಇದಕ್ಕಾದರೂ ಅಳು ಬಂದೀತೆಂದು ಗೋಡೆಗೊರಗಿ ಕಾದೆ. ನನ್ನ ಹೆಬ್ಬೆರಳು ಆಗಲೇ ತೊಡೆಯ ಮೇಲೆ ಅಕ್ಷರ ಒತ್ತತೊಡಗಿತ್ತು: ಬಾಳೆಲೆಯ ವಾಸನೆ, ಅಳದ ಮಗಳು. ನಾಚಿಕೆಯಾದರೂ ಅದು ನಿಲ್ಲಲಿಲ್ಲ.

ತಂಗಿಯ ಬಳಿ ಇದ್ದದ್ದು ಇಡೀ ರೆಕಾರ್ಡಿಂಗ್. ಮೊದಲು ಕುಕ್ಕರ್ ಕೂಗಿತು. ಆಮೇಲೆ ಅಮ್ಮ ಕೆಮ್ಮಿ, “ಅವಳ ಕತೆಯಲ್ಲಿ ಸಾಯುದು ಯಾರಂತೆ, ಕೇಳಿದ್ಯಾ? ಸಣ್ಣವರಾದ್ರೆ ನನ್ನಿಂದ ಆಗುದಿಲ್ಲ ಮಾರಾಯ್ತಿ” ಅಂದಳು.

“ಮುದುಕಿ ಅಂತೆ ಅಮ್ಮ. ಹಾಡು ನೀನು,” ಎಂದು ತಂಗಿ ನಕ್ಕಳು.

“ಹಾಗಾದ್ರೆ ಅಡ್ಡಿಲ್ಲ, ಮೆಲ್ಲ ಹಾಡ್ತೇನೆ. ಬರೆಯುವಾಗ ಅಳ್ಬೇಡ ಅಂತ ಹೇಳು ಅವಳಿಗೆ. ಅತ್ರೆ ತಲೆನೋವು ಬರ್ತದೆ ಅದಕ್ಕೆ.”

ಹಾಡು ಶುರುವಾಯಿತು. ಎಲ್ಲರೂ ಅತ್ತರು. ನನಗೆ ಆಗಲೂ ಅಳು ಬರಲಿಲ್ಲ, ಹೆಬ್ಬೆರಳು ಮಾತ್ರ ನಿಂತಿತ್ತು.

“ಮೊದಲಿಂದ ಹಾಕು,” ಎಂದೆ ತಂಗಿಗೆ. “ಹಾಡು ಬೇಡ. ಅದರ ಮುಂಚಿನದ್ದು.”